ಮೂರನೇ ಅಧ್ಯಾಯದ ಏಳನೇ ವಚನ

ವೈಜನಾಥನಿಗೆ ದೇವರ ಮೇಲೆ ನಂಬಿಕೆ ಇತ್ತು; ದೇವರಿಗೆ ಅವನ ಮೇಲೆ ಎಷ್ಟಿತ್ತೋ ತಿಳಿಯದು. ವಯಸ್ಸು ಇಪ್ಪತ್ನಾಲ್ಕು. ಕೆಲಸ ಹೈದರಾಬಾದಿನ ಕೋಠಿಯ ಒಂದು ಓಣಿಯಲ್ಲಿ, ಔಷಧದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಎರಡು ಕಂಪ್ಯೂಟರಿನ ಡಿಟಿಪಿ ಸೆಂಟರಿನಲ್ಲಿ. ತೆಲುಗಿನ ಮದುವೆ ಪತ್ರಿಕೆ, ಹಿಂದಿಯ ಕೋಚಿಂಗ್ ಕ್ಲಾಸಿನ ಹ್ಯಾಂಡ್‌ಬಿಲ್ಲು, ಇಂಗ್ಲಿಷಿನ ಬಯೋಡೇಟಾ, ಇವು ಅವನ ನಿತ್ಯದ ಪಾರಾಯಣ. ಊರವರ ಬಯೋಡೇಟಾಗಳಲ್ಲಿ 'ಪ್ರಾಮಾಣಿಕ, ಶ್ರಮಜೀವಿ' ಎಂದು ಬಡಿದೂ ಬಡಿದೂ ಆ ಎರಡು ಗುಣಗಳು ತನ್ನ ಬೆರಳಿಗೂ ಹತ್ತಿಕೊಂಡಿವೆ ಎಂಬ ಭ್ರಮೆ ಅವನಿಗೆ ಬಂದಿತ್ತು. ಆ ಭ್ರಮೆ ಬಿಟ್ಟುಹೋದದ್ದು ಎರಡು ಸಾವಿರದ ಎರಡನೇ ಇಸವಿಯಲ್ಲಿ, ಅದೂ ಒಂದು ಚೀಟಿಯಿಂದ.

ವೈಜನಾಥ ಎಂಬ ಹೆಸರಿನ ಕ್ರೈಸ್ತ ಹೇಗೆ ಎಂದು ಹೈದರಾಬಾದಿನಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು. ಬೀದರ ಕಡೆಯವರು ಕೇಳುತ್ತಿರಲಿಲ್ಲ. ಅಲ್ಲಿ ಮುತ್ತಜ್ಜನ ಕಾಲಕ್ಕೇ ದೀಕ್ಷಾಸ್ನಾನ ಆಗಿದ್ದರೂ ಅಜ್ಜ ಅಜ್ಜಿಯರ ಹೆಸರು ಮೊಮ್ಮಕ್ಕಳಿಗೆ ಇಳಿದು ಬರುವುದು ನಿಲ್ಲಲಿಲ್ಲ. ಹೀಗಾಗಿ ಇವರ ಕನ್ನಡ ಸಭೆಯ ಹಾಜರಿ ಕೂಗಿದರೆ ಶಿವಶರಣಪ್ಪ, ಅಂಬವ್ವ, ವೈಜನಾಥ ಎಂದು ಯಾವುದೋ ಗುಡಿಯ ಕಮಿಟಿ ಕೂಗಿದ ಹಾಗಾಗುತ್ತಿತ್ತು.

ಸಭೆ ಎಂದರೆ ನಲವತ್ತು ಮನೆ. ಸ್ವಂತ ದೇವಾಲಯ ಇರಲಿಲ್ಲ. ತೆಲುಗಿನವರ ಚರ್ಚಿನ ದೊಡ್ಡ ಹಾಲ್ ರವಿವಾರ ಮಧ್ಯಾಹ್ನ ಮೂರಕ್ಕೆ ಇವರಿಗೆ ಬಿಟ್ಟುಕೊಡಲಾಗುತ್ತಿತ್ತು. ಬೆಳಗಿನ ಆರಾಧನೆಯ ಹೂವು ಬಾಡಿ ಅಲ್ಲೇ ಇರುತ್ತಿದ್ದವು. ಫ್ಯಾನು ತಿರುಗುತ್ತಲೇ ಇರುತ್ತಿದ್ದವು. ಹೊಸ ವರ್ಷವೂ ಹಾಗೆಯೇ. ತೆಲುಗಿನವರು ಅದನ್ನು ರಾತ್ರಿ ಹನ್ನೆರಡಕ್ಕೆ ಬಿಸಿಬಿಸಿಯಾಗಿ ತೆಗೆದುಕೊಂಡರೆ, ಕನ್ನಡದವರಿಗೆ ಅದು ಹದಿನೈದು ತಾಸು ಹಳತಾದ ಮೇಲೆ ಸಿಗುತ್ತಿತ್ತು.

ಆ ದಿನದ ಮುಖ್ಯ ಸಂಗತಿ ವಾಗ್ದಾನದ ಚೀಟಿ. ಅಂಗೈಯ ಅರ್ಧದಷ್ಟಿರುವ ಕಾರ್ಡಿನ ಮೇಲೆ ಒಂದೊಂದು ವೇದವಚನ ಅಚ್ಚಾಗಿರುತ್ತದೆ. ಕಾರ್ಡುಗಳನ್ನು ಬೋರಲು ಹಾಕಿದ ತಾಟು ಸಾಲಿನಿಂದ ಸಾಲಿಗೆ ಹೋಗುತ್ತದೆ. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದು ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ಬದಲಾಯಿಸಿಕೊಳ್ಳುವ ಹಾಗಿಲ್ಲ. ಮನೆಗೆ ಒಯ್ದು ಕನ್ನಡಿಯ ಅಂಚಿಗೋ ಬಾಗಿಲಿನ ಮೇಲೋ ಅಂಟಿಸಿ, ಮುಂದಿನ ಜನವರಿಯವರೆಗೆ ಅದನ್ನು ನೋಡಿಕೊಂಡು ಬದುಕಬೇಕು.

ಪ್ರತಿ ವರ್ಷ ಈ ಚೀಟಿಗಳು ಬೀದರದಿಂದ ಪಾರ್ಸಲಿನಲ್ಲಿ ಬರುತ್ತಿದ್ದವು. ಆ ಸಲ ಬರಲಿಲ್ಲ. ಸಭೆಯ ಹಿರಿಯರಾದ ಶಿವಶರಣಪ್ಪನವರು ಡಿಸೆಂಬರಿನ ಕೊನೆಯ ವಾರ ಕೋಠಿಯ ಮಾಳಿಗೆ ಹತ್ತಿ ಬಂದರು. ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದವರು. ಈಗಲೂ ಬಾವುಟ ಬೀಸಿದ ಹಾಗೆ ಆಮೆನ್ ಹೇಳುತ್ತಿದ್ದರು.

"ವೈಜನಾಥ, ಇದರಾಗ ತೊಂಬತ್ತಾರು ವಚನ ಬರದೀನಿ. ಬರಾಬರ್ ಹೊಡಿ. ಒಂದಕ್ಷರ ನಿನ್ನ ತಲಿಯಿಂದ ಹಾಕಬ್ಯಾಡ."

"ನನ್ನ ತಲ್ಯಾಗ ಏನೈತ್ರಿ ಹಾಕಾಕ," ಎಂದ ವೈಜನಾಥ. ವಿನಯಕ್ಕೆ ಹೇಳಿದ ಮಾತದು.

ಒಂದು ಹಾಳೆಗೆ ಎಂಟು ಕಾರ್ಡು, ಹನ್ನೆರಡು ಹಾಳೆ. ತೊಂಬತ್ತೈದನ್ನು ಹೊಡೆದ. ತೊಂಬತ್ತಾರನೆಯದು ಕಾಗದದ ಕೊನೆಯ ಸಾಲಿನಲ್ಲಿತ್ತು. ಅದರ ಮೇಲೆ ಅವನದೇ ಇರಾನಿ ಚಹಾದ ಕಪ್ಪು ಕೂತು ಎದ್ದಿತ್ತು. ಸಾಲಿನ ಜಾಗದಲ್ಲಿ ಒಂದು ಕಂದು ಬಣ್ಣದ ಉಂಗುರ, ಒಳಗೆ ಶಾಯಿ ಕದಡಿದ ನೀಲಿಯ ನೀರು. ಹಿರಿಯರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಕೆಳಗೆ ಕಟಿಂಗ್ ಮಷೀನಿನವನು ಊಟಕ್ಕೆ ಹೊರಟಿದ್ದ. ಮಾಲೀಕ ಹಿಂದೆ ನಿಂತು, "ಅಯಿಪೋಯಿಂದಾ, ಅಯಿಪೋಯಿಂದಾ" ಎಂದು, ಮುಗಿಯಿತೇ ಎಂದು, ಮೂರು ಸಲ ಕೇಳಿದ. ಎಂಟನೆಯ ಚೌಕ ಪರದೆಯ ಮೇಲೆ ಖಾಲಿ ಕೂತು ಇವನನ್ನೇ ನೋಡುತ್ತಿತ್ತು.

ಖಾಲಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಹೊಡೆದದ್ದನ್ನೇ ಇನ್ನೊಂದು ಸಲ ಹಾಕಿದ್ದರೂ ಮುಗಿಯುತ್ತಿತ್ತು. ಈ ಎರಡೂ ಉಪಾಯ ಅವನಿಗೆ ಹೊಳೆದದ್ದು ನಾಲ್ಕು ತಿಂಗಳ ಮೇಲೆ. ಆಗ ಹೊಳೆದದ್ದು ಸಾಹಿತ್ಯ.

'ಹೆದರಬೇಡ. ಮುಚ್ಚಿದ ಬಾಗಿಲು ತಡವಾಗಿ ತೆರೆಯುವುದು; ಆದರೆ ನಿನಗಾಗಿಯೇ ತೆರೆಯುವುದು.'

ಬರೆದದ್ದನ್ನು ತಾನೇ ದನಿ ಮಾಡಿ ಓದಿಕೊಂಡ. ಇಷ್ಟು ಚೆಂದದ ಮಾತಿಗೆ ಒಂದು ವಿಳಾಸ ಬೇಕಲ್ಲ? ಹಳೆಯ ಒಡಂಬಡಿಕೆಯ ಕೊನೆಗೆ ಒತ್ತಿಕೊಂಡು ಕೂತಿರುವ ಸಣ್ಣ ಪ್ರವಾದಿಗಳಲ್ಲಿ ಯಾರೂ ತೆರೆದು ನೋಡದ ಒಬ್ಬನನ್ನು ಹುಡುಕಿ, ಅವನ ಹೆಸರು ಹಾಕಿ, ಮುಂದೆ ಮೂರನೇ ಅಧ್ಯಾಯ, ಏಳನೇ ವಚನ ಎಂದು ಹೊಡೆದ. ಆ ಪ್ರವಾದಿಯ ಹೆಸರು ಇಲ್ಲಿ ಬೇಡ. ಆತನಿಗೆ ಆದ ಅವಮಾನ ಸಾಕು. ಹೊಸ ವರ್ಷದ ದಿನ ಎಲ್ಲರಿಗಿಂತ ಮುಂಚೆ ಹೋಗಿ ಆ ಕಾರ್ಡನ್ನು ತಾಟಿನಿಂದ ತೆಗೆದು ಜೇಬಿಗೆ ಹಾಕಿಕೊಳ್ಳುವುದು ಎಂದು ಲೆಕ್ಕ ಹಾಕಿದ.

ಹೊಸ ವರ್ಷದ ದಿನ ಮಧ್ಯಾಹ್ನ ಉಂಡು ಮಲಗಿದವನು ಎದ್ದಾಗ ಮೂರೂಕಾಲು. ಹಾಲ್‌ಗೆ ಓಡಿ ಬಂದಾಗ ತಾಟು ಐದನೇ ಸಾಲಿನಲ್ಲಿತ್ತು. ಅಂಬವ್ವ ಕಣ್ಣು ಗಟ್ಟಿಯಾಗಿ ಮುಚ್ಚಿ ಕೈ ಹಾಕುತ್ತಿದ್ದಳು.

ಅಂಬವ್ವನ ಬಗ್ಗೆ ಇಲ್ಲಿ ಹೇಳಲೇಬೇಕು. ನಿಜಕ್ಕೂ ಹೇಳಹೊರಟದ್ದು ಅವಳ ಕಥೆ. ವೈಜನಾಥ ಎಂದಿನ ಹಾಗೆ ನಡುವೆ ನುಗ್ಗಿದ.

ಭಾಲ್ಕಿ ಹತ್ತಿರದ ಹಳ್ಳಿಯವಳು, ವೈಜನಾಥನ ತಾಯಿಯ ಊರು. ಹಾಗಾಗಿ ಅವನಿಗೆ ದೊಡ್ಡವ್ವ. ಗಂಡ ಕಲ್ಯಾಣಪ್ಪನ ಜೊತೆ ಹೈದರಾಬಾದಿಗೆ ಬಂದಾಗ ಅವಳಿಗೆ ಇಪ್ಪತ್ತೈದು. ಮಕ್ಕಳಾಗಲಿಲ್ಲ. ಮೊದಲು ಕಟ್ಟಡದ ಕೆಲಸ. ಆಮೇಲೆ ಜೀಡಿಮೆಟ್ಲಾದ ಒಂದು ಗುಳಿಗೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಹದಿನೆಂಟು ವರ್ಷ. ಜ್ವರದ ಗುಳಿಗೆಯ ಪಟ್ಟಿಗಳನ್ನು ಹತ್ತತ್ತರಂತೆ ಡಬ್ಬಿಗೆ ತುಂಬುವುದು. ಇಡೀ ದೇಶದ ಜ್ವರ ತನ್ನ ಕೈಯಿಂದಲೇ ಇಳಿಯುತ್ತದೆ ಎಂಬ ಧಿಮಾಕು ಅವಳಿಗೆ ಸ್ವಲ್ಪ ಇತ್ತು. ಚಿಂತಲ್‌ನ ಒಂದು ಸಾಲುಮನೆಯಲ್ಲಿ ಅವಳದು ಮೂರನೇ ಕೋಣೆ; ಐದನೆಯದು ವೈಜನಾಥನದು. ರವಿವಾರ ಅವನಿಗೆ ಜೋಳದ ರೊಟ್ಟಿ ಅಲ್ಲಿಂದಲೇ ಬರುತ್ತಿತ್ತು.

ಸಭೆಯಲ್ಲಿ ಅವಳ ಹೆಸರು ನಿಂತದ್ದು ಬೆಲ್ಲದಿಂದ. ಬೇರೆಯವರು ಮಗ ಪಾಸಾದರೆ, ಬಡ್ತಿ ಸಿಕ್ಕರೆ ಕೃತಜ್ಞತಾ ಕಾಣಿಕೆ ಕೊಡುತ್ತಿದ್ದರು. ಅಂಬವ್ವ ಒಂದು ಅಚ್ಚು ಬೆಲ್ಲ ತರುತ್ತಿದ್ದಳು, ಜೊತೆಗೊಂದು ಚೀಟಿ. ಹಿರಿಯರು ಅದನ್ನು ಓದುತ್ತಿದ್ದರು. ಆರಾಧನೆ ಮುಗಿದ ಮೇಲೆ ಬೆಲ್ಲ ಒಡೆದು ಹಂಚುತ್ತಿದ್ದರು. ಗ್ಯಾಸ್ ಬಂದಾಗ ಬೆಲ್ಲ. ನೌಕರಿ ಕಾಯಂ ಆದಾಗ ಬೆಲ್ಲ. ಅಲ್ಲಿಯವರೆಗೆ ಎಲ್ಲರಿಗೂ ಸರಿ. ಕಲ್ಯಾಣಪ್ಪ ಎದೆ ಹಿಡಿದುಕೊಂಡು ಕೂತವನು ಏಳದೇ ಹೋದ ಮೂರನೇ ರವಿವಾರವೂ ಅವಳು ಬೆಲ್ಲ ತಂದಳು. ಚೀಟಿಯಲ್ಲಿ, 'ಇಪ್ಪತ್ತೆರಡು ವರ್ಷ ಕೊಟ್ಟಿದ್ದಕ್ಕೆ.' ಹಿರಿಯರು ಓದಿ ಕೆಮ್ಮಿದರು. ಆ ಬೆಲ್ಲ ಬಾಯಿಗೆ ಹಾಕಿಕೊಳ್ಳುವುದೋ ಕೈಯಲ್ಲೇ ಇಟ್ಟುಕೊಳ್ಳುವುದೋ ಯಾರಿಗೂ ತಿಳಿಯಲಿಲ್ಲ. ವೈಜನಾಥ ತಿಂದುಬಿಟ್ಟ, ಅವನಿಗೆ ಹಸಿವಾಗಿತ್ತು.

ಅಂಥ ಅಂಬವ್ವ ಆ ದಿನ ಚೀಟಿ ಎತ್ತಿ, ಅಕ್ಷರ ಸಣ್ಣವಾದ್ದರಿಂದ ದೂರ ಹಿಡಿದಳು, ಹತ್ತಿರ ಹಿಡಿದಳು, ಕೊನೆಗೆ ಹಿಂದೆ ಏದುಸಿರು ಬಿಡುತ್ತ ನಿಂತಿದ್ದ ವೈಜನಾಥನಿಗೆ ಕೊಟ್ಟಳು.

"ಓದಪಾ. ಏನ್ ಅಂದಾನ ನನಗ ಈ ವರ್ಷ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಆದರೆ ಅವನು ಓದಿದ, ಅದೂ ದನಿಯಲ್ಲಿ ಸ್ವಲ್ಪ ಏರಿಳಿತ ಹಾಕಿ. ಬರೆದವನಿಗೆ ತನ್ನ ಬರಹ ಓದುವ ಚಟ ಬಿಡುವುದಿಲ್ಲ. ಅಂಬವ್ವ ಚೀಟಿಯನ್ನು ಹಣೆಗೆ ಒತ್ತಿಕೊಂಡು ವೇದಪುಸ್ತಕದೊಳಗೆ ಇಟ್ಟಳು. ಸಂಜೆ ಅದು ಅವಳ ಕೋಣೆಯ ಬಾಗಿಲಿನ ಮೇಲೆ ಅನ್ನದ ಅಗಳಿನಿಂದ ಅಂಟಿಕೊಂಡಿತು. ಸರಿ, ಒಳ್ಳೆಯ ಮಾತೇ ತಾನೆ, ಯಾರಿಗೇನು ನಷ್ಟ ಎಂದುಕೊಂಡು ವೈಜನಾಥ ರೊಟ್ಟಿ ತಿಂದು ಹೋದ.

ಮಾರ್ಚಿನಲ್ಲಿ ಫ್ಯಾಕ್ಟರಿಯ ಗೇಟು ಬಂದ್ ಆಯಿತು.

ಯಾಕೆ ಎಂದು ಯಾರೂ ಸರಿಯಾಗಿ ಹೇಳಲಿಲ್ಲ. ಒಂದು ಸೋಮವಾರ ಬೆಳಗಿನ ಪಾಳಿಗೆ ಹೋದರೆ ಕಬ್ಬಿಣದ ಗೇಟಿಗೆ ಸರಪಳಿ, ಮೇಲೊಂದು ನೋಟಿಸು. ಮೊದಲ ವಾರ ಇನ್ನೂರು ಜನ ಗೇಟಿನೆದುರು ಕೂತರು. ತಿಂಗಳಲ್ಲಿ ಮೂವತ್ತಾದರು. ಕೆಲವರು ಬೇರೆ ಫ್ಯಾಕ್ಟರಿ ಹಿಡಿದರು, ಕೆಲವರು ಊರು ಹಿಡಿದರು. ಅಂಬವ್ವ ಮಾತ್ರ ದಿನಾ ಎಂಟಕ್ಕೆ ಟಿಫಿನ್ ಡಬ್ಬಿ ಹಿಡಿದು ಹೋಗಿ, ಎದುರಿನ ಚಹಾದ ಬಂಡಿಯ ನೆರಳಲ್ಲಿ ಕೂತು, ಐದಕ್ಕೆ ಮರಳಿ ಬರುತ್ತಿದ್ದಳು.

ಗೇಟು ಮುಚ್ಚಿದ ಮೊದಲ ರವಿವಾರವೇ ಬೆಲ್ಲ ಬಂತು. 'ಹದಿನೆಂಟು ವರ್ಷದ ಅನ್ನಕ್ಕೆ.' ಆಮೇಲೆ, ದೇವರು ತಮಗೆ ಮಾಡಿದ್ದನ್ನು ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವ ಹೊತ್ತಿಗೆ, ಅವಳು ಎದ್ದು ನಿಂತಳು.

"ಗೇಟ್ ಮುಚ್ಯಾರ. ನನಗ ಫಿಕರ್ ಇಲ್ಲ. ಮುಚ್ಚೂಕಿಂತ ಮೊದಲಽ ಅಂವ ಹೇಳಿದ್ದ, ತಡಾ ಆಗತೈತಿ, ಖರೆ ನಿನಗಂತನೇ ತೆರೀತೈತಿ ಅಂತ. ಮೂರನೇ ಅಧ್ಯಾಯ, ಏಳನೇ ವಚನ." ಪ್ರವಾದಿಯ ಹೆಸರನ್ನೂ ಹೇಳಿದಳು.

ಜನ ಆಮೆನ್ ಎಂದರು. ವೈಜನಾಥ ಆಮೆನ್ ಎನ್ನಲಿಲ್ಲ. ಈಗ ಸಿಕ್ಕಿಬಿದ್ದೆ ಎಂದು ಹಿರಿಯರ ಕಡೆ ನೋಡಿದ. ಶಿವಶರಣಪ್ಪನವರ ಹುಬ್ಬು ಒಂದು ಕ್ಷಣ ಗಂಟಾಯಿತು. ಇಂಥ ವಚನ ತಾವು ಬರೆದುಕೊಟ್ಟದ್ದು ಅವರಿಗೆ ನೆನಪಾಗಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಸಭೆಯ ಹಿರಿಯರಾದವರು ನಲವತ್ತು ಮನೆಯೆದುರು 'ಇದು ಎಲ್ಲಿದೆ' ಎಂದು ಕೇಳುವುದು ಹೇಗೆ?

"ಭಾಳ ಆಳವಾದ ವಚನ," ಎಂದರು ಅವರು. "ಎಲ್ಲಾರೂ ಮನಿಗಿ ಹೋಗಿ ಧ್ಯಾನ ಮಾಡ್ರಿ."

ಮನೆಗೆ ಹೋಗಿ ಧ್ಯಾನ ಮಾಡಿದವನು ವೈಜನಾಥ ಒಬ್ಬನೇ. ಪೆಟ್ಟಿಗೆಯ ತಳದಲ್ಲಿದ್ದ ವೇದಪುಸ್ತಕ ತೆಗೆದು ಆ ಸಣ್ಣ ಪ್ರವಾದಿಯನ್ನು ಹುಡುಕಿದ. ಎರಡನೇ ಅಧ್ಯಾಯ ಮುಗಿಯಿತು. ಪುಟ ತಿರುವಿದ. ಅಲ್ಲಿ ಬೇರೆ ಪ್ರವಾದಿ ಶುರುವಾಗಿದ್ದ. ಪುಟ ಅಂಟಿಕೊಂಡಿರಬಹುದೆಂದು ಉಗುರಿನಿಂದ ಬಿಡಿಸಿ ನೋಡಿದ. ಅಂಟಿರಲಿಲ್ಲ. ಪಾಪ, ಆ ಪ್ರವಾದಿ ಹೇಳುವುದನ್ನೆಲ್ಲ ಎರಡೇ ಅಧ್ಯಾಯದಲ್ಲಿ ಹೇಳಿ ಮುಗಿಸಿದ್ದ. ಮೂರನೆಯದನ್ನು ಕೋಠಿಯಲ್ಲಿ, ಕಟಿಂಗ್ ಮಷೀನಿನವನ ಊಟದ ಹೊತ್ತಿಗೆ, ವೈಜನಾಥ ಸೇರಿಸಿದ್ದ.

ಜೂನ್ ಬಂತು. ಹಿರಿಯರ ತಂಗಿ ಜಯಮ್ಮ ಬೇಗಂಪೇಟೆಯಲ್ಲಿ ನರ್ಸಿಂಗ್ ಓದುವ ಹುಡುಗಿಯರ ಹಾಸ್ಟೆಲಿನ ಮೇಟ್ರನ್. ಅಲ್ಲಿ ಅಡುಗೆಗೆ ಒಬ್ಬರು ಬೇಕಿದ್ದರು. ಊಟ, ಇರಲು ಕೋಣೆ, ಪಗಾರ. ಕಾಲೇಜು ಶುರುವಾಗುವ ಜುಲೈ ಒಂದರೊಳಗೆ ಸೇರಬೇಕು, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಶಿವಶರಣಪ್ಪನವರು ಚಿಂತಲ್‌ಗೆ ತಾವೇ ಬಂದು ಹೇಳಿದರು.

"ಭಾಳ ಉಪಕಾರ ಆತ್ರಿ," ಎಂದಳು ಅಂಬವ್ವ. "ಖರೆ ನಾ ಹೋಗಿ ಅಲ್ಲಿ ಕುಂತ್ರ, ಇಲ್ಲಿ ಗೇಟ್ ತೆರದಾಗ ಯಾರಿರ್ತಾರ್ರಿ? ನಂಬಿಕಿ ಇಲ್ಲದಾಕಿ ಅನಸ್ತೀನಿ. ಅಂವ ಮಾತ ಕೊಟ್ಟಾನ, ನಾ ಕೂಡೂದು ಬ್ಯಾಡೇನ್ರಿ?"

ಹಿರಿಯರು ಬಾಗಿಲಿನ ಮೇಲಿನ ಚೀಟಿಯನ್ನು ಕನ್ನಡಕ ಏರಿಸಿ ಓದಿದರು. ಕನ್ನಡಕ ಇಳಿಸಿ ಹೊರಟರು. ಆಳವಾದ ವಚನ ಎಂದವರು ಅವರೇ.

ಅಷ್ಟರಲ್ಲಿ ಅವಳ ಕಿವಿಯಲ್ಲಿ ಓಲೆ ಇರಲಿಲ್ಲ. ರವಿವಾರದ ರೊಟ್ಟಿ ಮೂರಿದ್ದದ್ದು ಎರಡಾಗಿ, ಆ ಎರಡೂ ವೈಜನಾಥನ ತಾಟಿಗೆ ಬೀಳುತ್ತಿದ್ದವು. ಅವಳು "ನನ್ನದು ಆಗೇದ" ಎನ್ನುತ್ತಿದ್ದಳು.

ಜೂನ್ ತಿಂಗಳಲ್ಲಿ ವೈಜನಾಥ ಸತ್ಯ ಹೇಳಲು ಮಾಡಿದ ಪ್ರಯತ್ನಗಳನ್ನು ಬಯೋಡೇಟಾದಲ್ಲಿ ಹಾಕುವ ಹಾಗಿಲ್ಲ. ಮೊದಲ ಸಲ ರೊಟ್ಟಿ ಮುರಿಯುತ್ತ, "ದೊಡ್ಡವ್ವ, ಒಂದು ಮಾತೈತಿ," ಎಂದ. "ಏನು?" ಎಂದು ಅವಳು ತಿರುಗಿದಳು. "ಪುಂಡಿಪಲ್ಲೆ ಇನ್ನಷ್ಟು ಐತೇನು?" ಎಂದ. ಎರಡನೇ ಸಲ ಗೇಟಿನ ತನಕ ಹೋದ. ವಾಚ್‌ಮನ್ ಅವಳಿಗೆ ಕುರ್ಚಿ ಹಾಕಿಕೊಟ್ಟಿದ್ದ. ಆಗ ಅಲ್ಲಿ ಉಳಿದಿದ್ದವಳು ಅವಳೊಬ್ಬಳೇ.

"ದೊಡ್ಡವ್ವ, ಪ್ರೆಸ್ಸಿನಾಗ ಏನೇನೋ ತಪ್ಪ ಆಗ್ತಾವ ನೋಡು. ಆ ಚೀಟಿ ಸೈತ..."

"ಅಕ್ಷರ ಹೆಚ್ಚುಕಡಿಮಿ ಆಗಿದ್ರ ಆಗಲಿ ಬಿಡೋ. ನೀ ಹೊಡದಿ ಅಂತ ಗೊತ್ತೈತಿ ನನಗ. ನಿನ್ನ ಕೈಯಿಂದ ಬಂತಲ್ಲ ಅಂತ ಖುಷಿನೇ ಆಗೇದ."

ಅದಾದ ಮೇಲೆ ಅವನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಸೇರಿತು. ಆ ಬಗ್ಗೆಯೂ ನಾಚಿಕೆಯಾಯಿತು. ಅವನ ತಲೆಯಲ್ಲಿ ಇಬ್ಬರು ವಕೀಲರು ಕೂತಿದ್ದರು. ಚೀಟಿ ಸುಳ್ಳು, ಹೇಳಿಬಿಡು ಎಂದು ಒಬ್ಬ. ಹೇಳಿದರೆ ಗಂಡ ಹೋದಾಗಲೂ ಬೆಲ್ಲ ಹಂಚಿದವಳ ನಂಬಿಕೆ ನಿನ್ನಿಂದ ಮುರಿಯುತ್ತದೆ ಎಂದು ಇನ್ನೊಬ್ಬ. ಇಬ್ಬರ ಮಾತೂ ಅವನಿಗೆ ಸರಿ ಕಾಣುತ್ತಿತ್ತು. ಪ್ರಾರ್ಥನೆ ಮಾಡೋಣವೆಂದರೆ, ಯಾವ ಮುಖ ಹೊತ್ತು? ಆತನ ಹೆಸರಿನಲ್ಲಿ ಸಹಿ ಹಾಕಿದವನು ಆತನಿಗೇ ಅರ್ಜಿ ಕೊಡುವುದೇ?

ಕೊನೆಗೆ ಹಿರಿಯರ ಮನೆಗೆ ಹೋಗಿ ಎಲ್ಲ ಒದರಿದ. ಶಿವಶರಣಪ್ಪನವರು ತಮ್ಮ ವೇದಪುಸ್ತಕ ತೆಗೆದು ಪುಟ ತಿರುವಿದರು.

"ಎರಡಽ ಅಧ್ಯಾಯ ಏನು?" ಎಂದರು.

"ಎರಡಽ ರಿ."

"ನಾ ಆಳವಾದ ವಚನ ಅಂದ್ನಲ್ಲೋ."

"ಹೌದ್ರಿ."

"ಧ್ಯಾನ ಮಾಡ್ರಿ ಅಂದ್ನಲ್ಲೋ, ಬಾಡ್ಯಾ."

ಆಮೇಲೆ ಹೇಳಿದರು: "ಸುಮ್ನಿದ್ದುಬಿಡು. ಜನವರಿಗಿ ಹೊಸಾ ಚೀಟಿ ಬರತೈತಿ. ಇದು ತಾನಽ ಹಳೇದಾಗತೈತಿ."

"ಜನವರಿ ತನಕಾ ಆಕಿ ಏನ್ ತಿನ್ನಬೇಕ್ರಿ?"

ಇದಕ್ಕೆ ಹಿರಿಯರ ಹತ್ತಿರ ಬಾವುಟ ಇರಲಿಲ್ಲ, ಕೆಂಪೂ ಇಲ್ಲ ಹಸಿರೂ ಇಲ್ಲ.

ಜೂನ್ ಇಪ್ಪತ್ತೊಂಬತ್ತು, ಶನಿವಾರ, ಮಧ್ಯಾಹ್ನ. ವೈಜನಾಥ ಅರ್ಧ ದಿನದ ರಜೆ ಹಾಕಿ ಬಂದ. ಅಂಬವ್ವ ಆ ದಿನ ಮೊಣಕಾಲು ನೋವೆಂದು ಗೇಟಿಗೆ ಹೋಗದೆ, ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸರಿಯಾಗಿ ಚೀಟಿಯ ಕೆಳಗೆ. ಅವನು ನಿಂತೇ ಹೇಳಿದ. ಕೂತರೆ ಪುಂಡಿಪಲ್ಲೆ ಕೇಳಿಬಿಟ್ಟೇನು ಎಂಬ ಹೆದರಿಕೆ.

"ಆ ವಚನ ವೇದದಾಗ ಇಲ್ಲ ದೊಡ್ಡವ್ವ. ಮೂರನೇ ಅಧ್ಯಾಯನೇ ಇಲ್ಲ. ಕಾಗದದ ಮ್ಯಾಲ ಚಹಾ ಬಿದ್ದಿತ್ತು. ಒಂದು ಕಮ್ಮಿ ಬಿತ್ತು. ನಾನೇ ಬರದು ಹಾಕ್ದೆ. ತಗದು ಇಟ್ಕೊಳ್ಳಾಂವ ಇದ್ದೆ, ನಿದ್ದಿ ಹತ್ತಿತ್ತು."

ಮೊರ ನಿಂತಿತು. ಅವಳು ಮುಖ ಎತ್ತಲಿಲ್ಲ. ಜೋಳದಲ್ಲಿ ಒಂದು ಹರಳು ಸಿಕ್ಕಿತು, ಎತ್ತಿ ಎಸೆದಳು. ಇನ್ನೊಂದು ಸಿಕ್ಕಿತು. ಅವನು ಬೈಗುಳಕ್ಕಾಗಿ ಕಾದ. ಅಳು ಬಂದರೆ ಏನು ಮಾಡುವುದೆಂದು ಯೋಚಿಸಿದ. ಸಾಲುಮನೆಯ ನಲ್ಲಿಯಲ್ಲಿ ಯಾರೋ ಕೊಡ ತುಂಬಿಸಿಕೊಂಡು ಹೋದರು.

"ನಾಲ್ಕು ತಿಂಗಳು," ಎಂದಳು ಕೊನೆಗೆ. "ಕುಂತೆ ನೋಡು. ವಾಚ್‌ಮನ್ ನಗತಿದ್ದ. ನಗಲಿ ಬಿಡು, ಅಂವಗೇನ್ ಗೊತ್ತು ಅಂದ್ಕೊಂಡೆ."

ಅವಳು ಎಸೆದ ಹರಳನ್ನು ಅವನು ಕಾಲಿನಿಂದ ಬದಿಗೆ ಸರಿಸಿದ.

"ನೀ ಅದನ್ನ ಓದಿದಿ ಆವತ್ತು. ರಾಗಾ ಮಾಡಿ ಓದಿದಿ."

"ಹೌದು."

ಅವಳು ಮೊರ ಬದಿಗಿಟ್ಟು ಎದ್ದಳು. ಚೀಟಿಯ ಕಡೆ ನೋಡಿದಳು, ಕೀಳಲಿಲ್ಲ. ಆಮೇಲೆ ಕೇಳಿದ ಪ್ರಶ್ನೆ ಅವನ ತಲೆಯ ಇಬ್ಬರು ವಕೀಲರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

"ಮತ್ತ ನಂದು ಎಲ್ಲಿ?"

"ಏನು?"

"ನನ್ನ ವಚನ. ಚಹಾ ಬಿತ್ತು ಅಂದ್ಯಲ್ಲ. ಅದರ ಬುಡಕ ಒಂದು ಇತ್ತಲ್ಲ. ನನಗ ಬರಬೇಕಾಗಿದ್ದು ಅದು. ಎಲ್ಲೈತಿ?"

ಇಬ್ಬರೂ ಬಸ್ಸು ಹಿಡಿದು ಹಿರಿಯರ ಮನೆಗೆ ಹೋದರು. ಕಾರ್ಡುಗಳ ಜೊತೆ ತಿರುಗಿ ಬಂದಿದ್ದ ಹಸ್ತಪ್ರತಿಯನ್ನು ಅವರು ಬಿಚ್ಚದೆ ಜೋಪಾನ ಮಾಡಿದ್ದರು. ಕೊನೆಯ ಸಾಲಿನ ಮೇಲೆ ಕಂದು ಉಂಗುರ ಹಾಗೇ ಇತ್ತು. ಶಿವಶರಣಪ್ಪನವರು ಕಾಗದವನ್ನು ಬಲ್ಬಿಗೆ ಹಿಡಿದರು, ತಿರುವಿ ಹಿಡಿದರು. ತಾವೇ ಬರೆದದ್ದು, ಏನೆಂದು ನೆನಪಿಲ್ಲ.

"'ಹೋಗು' ಅಂತ ಏನೋ ಇದ್ದಂಗಿತ್ತವ್ವ. ಇಲ್ಲಾ 'ನಿಲ್ಲು' ಅಂತಿತ್ತೋ. ಎರಡೂ ಥರಾ ಭಾಳ ವಚನ ಅದಾವ."

"ನೆನಪ ಮಾಡ್ರಿ ಅಣ್ಣಾರ."

"ಸುಳ್ಳು ಹ್ಯಾಂಗ ಹೇಳಲಿ? ಈ ಸಲ ಗೊತ್ತಿಲ್ಲಂತನೇ ಹೇಳ್ತೀನಿ. ನನಗ ಗೊತ್ತಿಲ್ಲ." ಇಪ್ಪತ್ತು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು ಇರಬೇಕು; ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

ಅಂಬವ್ವ ಕಾಗದ ತೆಗೆದುಕೊಂಡು ಆ ಉಂಗುರದ ಮೇಲೆ ಬೆರಳಾಡಿಸಿದಳು. "ಏನೋ ಅಂದಾನ," ಎಂದಳು. "ಏನಂದಾನ ಅಂತ ತಿಳೀವಲ್ದು. ಆತು. ತಿಳೀದಽ ಹೋಗ್ತೀನಿ. ನಿಲ್ಲು ಅಂದಿದ್ರ ಅಂವನಽ ತಿರುಗಿ ಕರ್ಕೊಂಡು ಬರ್ತಾನ. ಸೋಮಾರಕ್ಕ ಬರ್ತಾಳಂತ ಜಯಮ್ಮಗ ಫೋನ್ ಮಾಡ್ರಿ."

ಬರುವಾಗ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು. ಬಾಲಾನಗರದ ಹತ್ತಿರ, ಕಿಟಕಿಯ ಹೊರಗೆ ನೋಡುತ್ತ, "ರೊಟ್ಟಿ ಇನ್ನ ನೀನಽ ಕಲಿ," ಎಂದಳು.

ಜುಲೈ, ಆಗಸ್ಟ್ ಕಳೆದವು. ವೈಜನಾಥ ರೊಟ್ಟಿ ಕಲಿಯಲಿಲ್ಲ. ರವಿವಾರ ಅಂಬವ್ವ ಹಾಸ್ಟೆಲಿನಿಂದ ಆರಾಧನೆಗೆ ಬರುತ್ತಿದ್ದಳು. ಎಂದಿನ ಐದನೇ ಸಾಲು. ಇವನು ಹಿಂದಿನ ಸಾಲಿನಲ್ಲಿ ಕೂತು ಅವಳ ಬೆನ್ನನ್ನು ಓದಲು ನೋಡುತ್ತಿದ್ದ. ನಂಬಿಕೆ ಇದೆಯೋ ಹೋಗಿದೆಯೋ ಬೆನ್ನಿನಿಂದ ತಿಳಿಯುತ್ತಿರಲಿಲ್ಲ. ಹಾಡಿಗೆ ಎಲ್ಲರ ಜೊತೆ ಏಳುತ್ತಿದ್ದಳು; ಸಾಕ್ಷಿಗೆ ಏಳುತ್ತಿರಲಿಲ್ಲ. ಬೆಲ್ಲ ಬರಲಿಲ್ಲ.

ಸೆಪ್ಟೆಂಬರಿನ ಕೊನೆಯ ವಾರ ಫ್ಯಾಕ್ಟರಿಯ ಗೇಟು ತೆರೆಯಿತು.

ಯಾರೋ ಹೊಸ ಮಾಲೀಕರಂತೆ. ಹಳಬರಲ್ಲಿ ನಲವತ್ತು ಜನರನ್ನು ತಿರುಗಿ ಕರೆದಿದ್ದರು. ಪಟ್ಟಿ ಗೇಟಿಗೆ ಅಂಟಿಸಿತ್ತು. ವೈಜನಾಥ ಕೆಲಸಕ್ಕೆ ಹೋಗುವ ಬಸ್ಸಿನಿಂದ ಜಿಗಿದು ಓದಿದ. ಹದಿನೇಳನೆಯ ಹೆಸರು ಅಂಬವ್ವ, ಪ್ಯಾಕಿಂಗ್. ಶನಿವಾರದೊಳಗೆ ಬರಬೇಕು. ವಾಚ್‌ಮನ್ ಬೇರೆ ಹೇಳಿದ: ಇಷ್ಟು ದಿನ ಯಾರು ಕೂತಿದ್ದರು ಎಂದು ಹೊಸ ಮ್ಯಾನೇಜರು ಕೇಳಿದ್ದಕ್ಕೆ ತಾನು ಮೊದಲು ಹೇಳಿದ್ದೇ ಅವಳ ಹೆಸರಂತೆ.

ವೈಜನಾಥ ಚಹಾದ ಬಂಡಿಯ ಹತ್ತಿರ ಕೂತುಬಿಟ್ಟ. ತಡವಾಗಿ ತೆರೆದಿದೆ. ಅವಳಿಗಾಗಿಯೇ ತೆರೆದ ಹಾಗೂ ಇದೆ. ಹಾಗಾದರೆ ತಾನು ಬರೆದದ್ದು ಸುಳ್ಳಲ್ಲವೇ? ಸುಳ್ಳಲ್ಲದಿದ್ದರೆ, ಸುಳ್ಳೆಂದು ಹೇಳಿ ಅವಳನ್ನು ಎಬ್ಬಿಸಿ ಕಳಿಸಿದ್ದು ಸುಳ್ಳೇ? ಸುಳ್ಳು ಬರೆದಾಗ ಪ್ರವಾದಿಯಾಗಿ, ನಿಜ ಹೇಳಿದಾಗ ಪಾಪಿಯಾಗುವ ಈ ಲೆಕ್ಕ ಯಾವ ವೇದದ್ದು? ಎರಡು ಚಹಾ ಕುಡಿದರೂ ಬಗೆಹರಿಯಲಿಲ್ಲ. ಕೋಠಿಗೆ ಹೋಗದೆ ಬೇಗಂಪೇಟೆಯ ಬಸ್ಸು ಹತ್ತಿದ.

ಹಾಸ್ಟೆಲಿನ ಹಿಂದಿನ ಅಡುಗೆಮನೆಯಲ್ಲಿ ಅಂಬವ್ವ ಹಿಟ್ಟು ನಾದುತ್ತಿದ್ದಳು. ವಿಮಾನ ಇಳಿಯುವಾಗಲೆಲ್ಲ ಕಪಾಟಿನ ಸ್ಟೀಲ್ ಡಬ್ಬಿಗಳು ನಡುಗುತ್ತಿದ್ದವು, ಮಾತು ನಿಲ್ಲಿಸಬೇಕಾಗುತ್ತಿತ್ತು. ಕಿವಿಯಲ್ಲಿ ಹಿತ್ತಾಳೆಯ ಸಣ್ಣ ಓಲೆ.

"ಗೇಟ್ ತೆರೀತು ದೊಡ್ಡವ್ವ."

ನಾದುವ ಕೈ ನಿಂತಿತು. ಅವನು ಪಟ್ಟಿಯಿಂದ ಬರೆದುಕೊಂಡು ಬಂದಿದ್ದ ಕಾಗದ ಓದಿದ. ಅವಳು ಹೆಸರನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ ಹಿಟ್ಟಿನ ಕೈಯಿಂದಲೇ ಕಾಗದ ಈಸಿಕೊಂಡು, ಓದಲು ಬರುವಷ್ಟನ್ನು ತಾನೇ ಓದಿದಳು. ಮುಖದಲ್ಲಿ ಏನೋ ಬಂದು ಹೋಯಿತು. ಹದಿನೆಂಟು ವರ್ಷದ ಧಿಮಾಕು ಇರಬಹುದು.

"ಶನಿವಾರದೊಳಗ ಬಾ ಅಂದಾರ. ನಾ ಸುಮ್ನಿದ್ದಿದ್ರ ನೀ ಅಲ್ಲೇ ಇರತಿದ್ದಿ. ನನಗ ಒಂದೂ ತಿಳೀವಲ್ದು. ನಾ ಬರದದ್ದು ನಾ ಬರದದ್ದೋ, ಅಂವ ಬರಸಿದ್ದೋ?"

ವಿಮಾನ ಬಂತು. ಡಬ್ಬಿಗಳು ನಡುಗಿ ನಿಂತವು.

"ನನಗೂ ತಿಳೀವಲ್ದು," ಎಂದಳು ಅಂಬವ್ವ. "ಮೂರು ತಿಂಗಳಾತು, ದಿನಾ ಕೇಳ್ತೀನಿ ಅಂವನ್ನ. ನನ್ನ ಜೋಡಿ ಚ್ಯಾಷ್ಟಿ ಮಾಡ್ದಿ ಏನು ಅಂತ. ಸಿಟ್ಟಾಗೀನಿ, ಮಾತ ಬಿಟ್ಟೀನಿ, ಮತ್ತ ಮಾತಾಡೀನಿ. ತಿಳೀಲಿಲ್ಲಂತ ಬಿಟ್ಟುಬಿಡ್ಲೇನು? ಕಲ್ಯಾಣಪ್ಪನೂ ನನಗ ಇಪ್ಪತ್ತೆರಡು ವರ್ಷ ತಿಳೀಲಿಲ್ಲ. ಬಿಟ್ನೇನು?"

"ಹಂಗಾರ ಶನಿವಾರ?"

ಅವಳು ಮತ್ತೆ ನಾದತೊಡಗಿದಳು. ಬಹಳ ಹೊತ್ತು ನಾದಿದಳು.

"ಜಯಮ್ಮಗ ಮಾರ್ಚಿ ತನಕಾ ಮಾತ ಕೊಟ್ಟೀನಿ. ನಲವತ್ತೆರಡು ಹುಡುಗೇರು. ಪರೀಕ್ಷಾ ಅದಾವ. ಆ ಮಾತ ಖರೇ ಖರೇ ನಾನಽ ಕೊಟ್ಟಿದ್ದು. ಯಾರ ಚೀಟ್ಯಾಗಿಂದೂ ಅಲ್ಲ." ಕೈ ನಿಂತಿತು. "ಬಾಗಿಲಾ ತೆರೀತೈತಿ ಅಂತ ಬರದಿದ್ದಿ, ತೆರೀತು, ಆತು. ಒಳಗ ಹೋಗು ಅಂತ ಬರದಿಲ್ಲಲ್ಲ ನೀ. ಹದಿನೇಳನೇ ಹೆಸರ ಹೊಡದು ನನ್ನ ಜೋಡಿ ಪ್ಯಾಕಿಂಗ್ ಮಾಡತಿದ್ದ ಶರಣಬಸಮ್ಮನ್ನ ತಗೋರಿ ಅನ್ನು ಆ ವಾಚ್‌ಮನ್‌ಗ. ಆಕಿಗಿ ಮೂರು ಮಕ್ಕಳು, ಇನ್ನಾ ಖಾಲಿ ಕುಂತಾಳ."

"ಖರೇನಽ ಹೋಗೂದಿಲ್ಲೇನು?"

"ಹೋಗಬೇಕು ಅಂತ ಐತಿ," ಎಂದಳು. "ಭಾಳ ಐತಿ. ಅದಕಽ ಹೋಗೂದಿಲ್ಲಂತ ಲಗೂ ಹೇಳಾಕತ್ತೀನಿ. ನೀ ಎದ್ದು ಹೋಗು ಮೊದಲು."

ಅವನು ಏಳುವಾಗ ಅವಳು ಕೈ ತೊಳೆದು, ಮೇಲಿನ ಡಬ್ಬಿಯಿಂದ ಒಂದು ಅಚ್ಚು ಬೆಲ್ಲ ತೆಗೆದು ಕಾಗದದಲ್ಲಿ ಸುತ್ತಿದಳು. ಈ ರವಿವಾರ ಹುಡುಗಿಯರಿಗೆ ಊಟ ಬೇಗ ಬೇಕು, ಅವಳಿಗೆ ಬರಲಾಗದು, ಅವನೇ ಒಯ್ಯಬೇಕು.

"ಚೀಟಿ ಬರಿ. ಅಂಬವ್ವ. ಬಾಗಿಲು ತೆರೆದದ್ದಕ್ಕೆ."

ಅವನು ಪೆನ್ನು ತೆಗೆದ. "ಯಾರು ತೆರದ್ರು ಅಂತ..."

"ವೈಜ್ಯಾ," ಎಂದಳು ಅವಳು. "ಆ ಪ್ರವಾದಿಗಿ ಎರಡು ಅಧ್ಯಾಯ ಅದಾವ. ಹುಡುಗೇರ ಕಡೆ ಓದಿಸಿ ನೋಡೀನಿ. ಮೂರನೇದು ನೀ ಬರದಿ. ನಾಲ್ಕನೇದು ಬರೀಬ್ಯಾಡ. ನಾ ಹೇಳಿದಷ್ಟಽ ಬರಿ."

ಅವನು ಅಷ್ಟೇ ಬರೆದ. ಮೂರು ಪದ. ಬಸ್ಸಿನಲ್ಲಿ ಚೀಟಿ ತೆಗೆದು ಎರಡು ಸಲ ಓದಿದ. ಕೊನೆಯಲ್ಲಿ ಒಂದು ಪದಕ್ಕಾಗುವಷ್ಟು ಜಾಗ ಉಳಿದಿತ್ತು. ಒಳ್ಳೆಯ ಪದವೇ ನೆನಪಿಗೂ ಬಂತು. ಪೆನ್ನನ್ನು ಜೇಬಿನಿಂದ ತೆಗೆದು, ಪಕ್ಕದಲ್ಲಿ ಏನೋ ಫಾರ್ಮು ತುಂಬಲು ಪರದಾಡುತ್ತಿದ್ದ ಯಾರೋ ಅಪರಿಚಿತನಿಗೆ ಕೊಟ್ಟುಬಿಟ್ಟ.